ಮನೆತನದ ಕಾಯಿಲೆಯ ಬಗ್ಗೆ ಊರಿಗೆ ಹೇಳುವ ಮೊದಲು

ನನ್ನ ಗಂಡನಿಗೆ ಹಂಟಿಂಗ್ಟನ್ ಕಾಯಿಲೆ ಇದೆ, ಕೈಕಾಲು ತಾವಾಗಿ ಆಡುವ, ಮನೆತನದಲ್ಲಿ ಇಳಿದುಬರುವ ಮೆದುಳಿನ ಕಾಯಿಲೆ. ನಮ್ಮ ಅತ್ತೆಗೂ ಇತ್ತು. ನಾದಿನಿಗೆ ಇದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವಳು ಪರೀಕ್ಷೆ ಮಾಡಿಸಿಕೊಂಡಿಲ್ಲ, ಮಾಡಿಸಿಕೊಳ್ಳುವುದೂ ಇಲ್ಲ ಅಂದಿದ್ದಾಳೆ. ಇಷ್ಟನ್ನು ಬರೆಯುವುದಕ್ಕೂ ಅವಳನ್ನು ಕೇಳಿದ್ದೇನೆ. ‘ಹೆಸರು ಬೇಡ, ಉಳಿದದ್ದು ಬರಿ’ ಅಂದಳು. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ, ನನ್ನದೂ ಇಲ್ಲ.

ಲೆಕ್ಕ ಬರೆಯುವುದು ನನ್ನ ಕೆಲಸ. ಕಾಯಿಲೆಯ ಬಗ್ಗೆ ಮಾತಾಡಲು ಶುರು ಮಾಡಿದ ಮೇಲೆ ಬೇರೆ ಬೇರೆ ಆನುವಂಶಿಕ ಕಾಯಿಲೆಗಳ ಮನೆಯವರು ಒಂದೇ ಪ್ರಶ್ನೆ ಕೇಳುತ್ತಾರೆ: ‘ನಾವೂ ಏನಾದರೂ ಮಾಡಬೇಕು, ಎಲ್ಲಿಂದ ಶುರು ಮಾಡೋದು?’ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಹಂಟಿಂಗ್ಟನ್‌ನವು, ಯಾಕೆಂದರೆ ನನಗೆ ಗೊತ್ತಿರುವುದು ಅದೇ. ಸ್ನಾಯು ಸವೆಯುವ ಕಾಯಿಲೆಯೋ, ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆಯೋ ನಿಮ್ಮ ಮನೆಯಲ್ಲಿದ್ದರೆ ವಿವರ ಬದಲಾಗುತ್ತದೆ, ಕೆಲಸ ಮಾಡುವ ರೀತಿ ಅಷ್ಟೇನೂ ಬದಲಾಗುವುದಿಲ್ಲ.

ಮೊದಲು ಮನೆಯೊಳಗೆ ಕೇಳಿ

ಸಕ್ಕರೆ ಕಾಯಿಲೆಯ ಬಗ್ಗೆ ನೀವು ವೇದಿಕೆ ಹತ್ತಿ ಮಾತಾಡಿದರೆ ಅದು ನಿಮ್ಮೊಬ್ಬರ ಕತೆ. ಜೀನ್‌ನಿಂದ ಬರುವ ಕಾಯಿಲೆ ಹಾಗಲ್ಲ. ಹಂಟಿಂಗ್ಟನ್‌ನಲ್ಲಿ ತಪ್ಪಿರುವುದು ನಾಲ್ಕನೇ ಕ್ರೋಮೋಸೋಮ್‌ನ ಒಂದೇ ಒಂದು ಜೀನ್. ಅದರಲ್ಲಿ ಸಿಎಜಿ ಅನ್ನುವ ಮೂರು ಅಕ್ಷರಗಳು ಸಾಲಾಗಿ ಎಷ್ಟು ಸಲ ಬರುತ್ತವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. 26ರವರೆಗೆ ಇದ್ದರೆ ಚಿಂತೆಯಿಲ್ಲ. 40 ಅಥವಾ ಜಾಸ್ತಿ ಇದ್ದರೆ, ಸಾಮಾನ್ಯ ಆಯಸ್ಸು ಬದುಕಿದವರಿಗೆ ಕಾಯಿಲೆ ಬಂದೇ ಬರುತ್ತದೆ. 36ರಿಂದ 39 ಸಲ ಇರುವವರಿಗೆ ಬರಬಹುದು, ಬಾರದೆಯೂ ಇರಬಹುದು. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಗಂಡಾಗಲಿ ಹೆಣ್ಣಾಗಲಿ, ಮೊದಲನೆಯದಾಗಲಿ ಕೊನೆಯದಾಗಲಿ, ಲೆಕ್ಕ ಒಂದೇ. ‘ದೊಡ್ಡವನಿಗೆ ಬಂತಲ್ಲ, ಚಿಕ್ಕವನು ಬಚಾವ್’ ಅನ್ನುವುದು ಸುಮ್ನೆ ಸಮಾಧಾನದ ಮಾತು.

ಈಗ ಯೋಚನೆ ಮಾಡಿ. ‘ನಮ್ಮ ಅಪ್ಪನಿಗೆ ಈ ಕಾಯಿಲೆ ಇತ್ತು’ ಅಂತ ನೀವು ಮೈಕಿನಲ್ಲಿ ಹೇಳಿದಿರಿ. ಅದೇ ಉಸಿರಿನಲ್ಲಿ ನಿಮ್ಮ ಅಣ್ಣ, ತಂಗಿ, ಎಲ್ಲರ ಅಪಾಯವನ್ನೂ ಹೇಳಿದ ಹಾಗಾಯಿತು. ಮೊಮ್ಮಗ ತನಗೆ ಪಾಸಿಟಿವ್ ಬಂದಿದೆ ಅಂತ ಹೇಳಿದರೆ ನಡುವಿನ ತಲೆಮಾರಿನವರ ಫಲಿತಾಂಶ ತಾನಾಗಿ ಹೊರಬೀಳುತ್ತದೆ, ಅವರು ಪರೀಕ್ಷೆಯನ್ನೇ ಮಾಡಿಸದಿದ್ದರೂ. ತಿಳಿಯದೇ ಇರುವ ಹಕ್ಕು ಅಂತ ಒಂದಿದೆ. ಅದನ್ನು ವೈದ್ಯರು ಕಾಪಾಡುತ್ತಾರೆ, ಮನೆಯವರು ಮುರಿಯುತ್ತಾರೆ.

ಅದಕ್ಕೇ ಪೋಸ್ಟರ್ ಆಮೇಲೆ, ಒಪ್ಪಿಗೆ ಮೊದಲು. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಬೇಡಿ. ಹಾಗೆ ಕೇಳಿದರೆ ದೊಡ್ಡವರು ಮಾತಾಡುತ್ತಾರೆ, ಉಳಿದವರು ತಲೆ ಆಡಿಸುತ್ತಾರೆ. ವಯಸ್ಸಿಗೆ ಬಂದ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ: ಹೆಸರು ಹೇಳಬಹುದಾ? ಫೋಟೋ ಹಾಕಬಹುದಾ? ಹೆಸರು ಬೇಡ ಅಂದರೆ ‘ನನ್ನ ತಮ್ಮ’ ಅಂತ ಸಂಬಂಧವನ್ನಾದರೂ ಹೇಳಬಹುದಾ? ಉತ್ತರವನ್ನು ಬರೆದಿಟ್ಟುಕೊಳ್ಳಿ. ಆರು ತಿಂಗಳ ಮೇಲೆ ಅವರು ಮನಸ್ಸು ಬದಲಾಯಿಸಿದರೆ ಮುಖ ಊದಿಸಿಕೊಳ್ಳದೆ ತೆಗೆದುಬಿಡಿ. ಚಿಕ್ಕ ಮಕ್ಕಳ ಫೋಟೋ ಬೇಡವೇ ಬೇಡ. ಲಕ್ಷಣಗಳಿಲ್ಲದ ಮಕ್ಕಳಿಗೆ ಹಂಟಿಂಗ್ಟನ್ ಪರೀಕ್ಷೆ ಮಾಡಬಾರದು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ವೈದ್ಯರೇ ಅಷ್ಟು ಜೋಪಾನ ಮಾಡುವಾಗ ಆ ಮಗುವಿನ ಮುಖವನ್ನು ಕಾಯಿಲೆಯ ಹೆಸರಿನ ಕೆಳಗೆ ಅಂಟಿಸಲು ನಾವು ಯಾರು?

ವಿಮೆಯ ಕಾಗದಗಳನ್ನೂ ಒಮ್ಮೆ ನೋಡಿಕೊಳ್ಳಿ. ಈ ವಿಷಯದಲ್ಲಿ ಒಂದೊಂದು ದೇಶದಲ್ಲಿ ಒಂದೊಂದು ಕಾನೂನು. ಅಮೆರಿಕದಲ್ಲಿ 2008ರಲ್ಲಿ ಬಂದ ಕಾನೂನು ಆರೋಗ್ಯ ವಿಮೆ ಮತ್ತು ಉದ್ಯೋಗದಲ್ಲಿ ಜೀನ್ ನೋಡಿ ಭೇದ ಮಾಡುವುದನ್ನು ತಡೆಯುತ್ತದೆ, ಆದರೆ ಜೀವ ವಿಮೆಯನ್ನು ಮುಟ್ಟುವುದಿಲ್ಲ. ನಿಮ್ಮಲ್ಲಿ ಏನಿದೆ ಅಂತ ತಿಳಿದವರನ್ನು ಕೇಳಿ, ಆಮೇಲೆ ಬಾಯಿ ಬಿಡಿ.

ಕಾಯಿಲೆ ಇರುವವರ ಒಪ್ಪಿಗೆಯ ಬಗ್ಗೆ ಇನ್ನೊಂದು ಮಾತು. ಹಂಟಿಂಗ್ಟನ್ ಇರುವ ಎಷ್ಟೋ ಜನರಿಗೆ ತಮ್ಮ ಕೈಕಾಲು ತಾವಾಗಿ ಆಡುತ್ತಿರುವುದು ಗೊತ್ತೇ ಆಗುವುದಿಲ್ಲ. ಹಟವೂ ಅಲ್ಲ, ಮುಚ್ಚಿಡುವುದೂ ಅಲ್ಲ, ಮೆದುಳು ಆ ಸುದ್ದಿಯನ್ನು ಅವರಿಗೆ ಮುಟ್ಟಿಸುವುದಿಲ್ಲ ಅಷ್ಟೇ. ನನ್ನ ಗಂಡ ‘ವಿಡಿಯೋ ತಾನೇ, ಹಾಕು’ ಅಂದಿದ್ದರು. ನಾನು ಮೊದಲು ಅವರಿಗೇ ತೋರಿಸಿದೆ. ಎರಡು ಸಲ ನೋಡಿದರು. ‘ಭುಜ ಯಾವಾಗಲೂ ಹೀಗೆ ಹಾರುತ್ತದಾ?’ ಅಂದರು. ಸ್ವಲ್ಪ ಹೊತ್ತಾದ ಮೇಲೆ, ‘ನಡೆಯುವುದು ಇರಲಿ, ಊಟ ಮಾಡುವುದು ಬೇಡ’ ಅಂದರು. ಇದು ಒಪ್ಪಿಗೆ. ಮೊದಲು ಹೇಳಿದ್ದು ಒಪ್ಪಿಗೆ ಆಗಿರಲಿಲ್ಲ. ನೀವೂ ತೋರಿಸದೆ ಕೇಳಬೇಡಿ.

ಯಾರಿಗೆ ಹೇಳಬೇಕು?

‘ಎಲ್ಲರಿಗೂ’ ಅಂದರೆ ಯಾರಿಗೂ ಅಲ್ಲ. ರಿಬ್ಬನ್, ಟೀ ಶರ್ಟ್, ಬಣ್ಣದ ದೀಪ ಇವುಗಳ ಮೇಲೆ ನನಗೆ ದ್ವೇಷವೇನಿಲ್ಲ, ನಂಬಿಕೆ ಮಾತ್ರ ಕಡಿಮೆ. ಮೇ ತಿಂಗಳನ್ನು ಹಲವು ದೇಶಗಳಲ್ಲಿ ಹಂಟಿಂಗ್ಟನ್ ಅರಿವಿನ ತಿಂಗಳು ಅಂತ ಆಚರಿಸುತ್ತಾರೆ. ಆಚರಿಸಿ. ಆದರೆ ಕಾಯಿಲೆಯವರು ಯಾರ ಕೈಗೆ ಸಿಕ್ಕಾಗ ಕಷ್ಟವಾಗುತ್ತದೆ ಅಂತ ಮೊದಲು ಪಟ್ಟಿ ಮಾಡಿ. ನಿಮಗೆ ಬೇಕಾದ ಕೇಳುಗರು ಅವರೇ.

ನಮ್ಮ ಪಟ್ಟಿಯಲ್ಲಿ ಮೊದಲು ಬಂದವರು ಪೊಲೀಸರು ಮತ್ತು ಕಾವಲಿನವರು. ತೂರಾಡುವ ನಡಿಗೆ, ತೊದಲುವ ಮಾತು, ಥಟ್ಟನೆ ಬರುವ ಸಿಟ್ಟು. ನೋಡಿದವರು ಕುಡಿದಿದ್ದಾರೆ ಅಂದುಕೊಳ್ಳುತ್ತಾರೆ. ಅವರ ಮುಂದೆ ಜೀನ್ ಪಾಠ ಮಾಡಿ ಉಪಯೋಗವಿಲ್ಲ. ಒಂದು ಕಾರ್ಡ್ ಸಾಕು. ನನ್ನ ಗಂಡನ ಜೇಬಿನಲ್ಲಿರುವ ಕಾರ್ಡಿನಲ್ಲಿ ಇಷ್ಟಿದೆ:

‘ನನಗೆ ಹಂಟಿಂಗ್ಟನ್ ಕಾಯಿಲೆ ಇದೆ. ಇದು ಮೆದುಳಿನ ಕಾಯಿಲೆ. ನಾನು ಕುಡಿದಿಲ್ಲ. ನನಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಹೇಳಲು ಸ್ವಲ್ಪ ಹೊತ್ತು ಬೇಕು. ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ.’

ದಪ್ಪ ಅಕ್ಷರ, ಪ್ಲಾಸ್ಟಿಕ್ ಹೊದಿಕೆ. ಅಲುಗಾಡುವ ಕೈಯಲ್ಲಿ ತೆಳು ಕಾಗದ ಹರಿದುಹೋಗುತ್ತದೆ. ‘ನಾನು ಕುಡಿದಿಲ್ಲ’ ಅನ್ನುವ ಸಾಲನ್ನು ಮೇಲೆಯೇ ಹಾಕಿ, ಓದುವವರು ಮೂರನೇ ಸಾಲಿನ ತನಕ ಬರುವುದಿಲ್ಲ ಅಂತ ನಿಮಗೆ ಅನಿಸಿದರೆ.

ಎರಡನೆಯವರು ವೈದ್ಯರು. ಹೌದು, ವೈದ್ಯರೇ. ಅಪರೂಪದ ಕಾಯಿಲೆ, ಓದುವಾಗ ಒಂದು ಪುಟದಲ್ಲಿ ಬಂದು ಹೋಗಿರುತ್ತದೆ. ಯುರೋಪ್ ಮೂಲದ ಜನರಲ್ಲೇ ಇದು ಲಕ್ಷಕ್ಕೆ ಹತ್ತರ ಆಸುಪಾಸು. ಎಷ್ಟೋ ವೈದ್ಯರು ಒಬ್ಬ ರೋಗಿಯನ್ನೂ ನೋಡಿರುವುದಿಲ್ಲ. ಅದರ ಮೇಲೆ, ಕೈಕಾಲು ಆಡಲು ಶುರುವಾಗುವ ಎಷ್ಟೋ ವರ್ಷ ಮೊದಲೇ ಖಿನ್ನತೆ, ಸಿಡುಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕಾಣಿಸಿಕೊಳ್ಳಬಹುದು. ಹಾಗಾಗಿ ಮನೋವೈದ್ಯರ ಬಳಿಗೆ ಹೋಗುವವರೂ ಇದ್ದಾರೆ. ಅಲ್ಲಿ ಯಾರಾದರೂ ‘ಮನೆಯಲ್ಲಿ ಹಿರಿಯರಿಗೆ ಏನಾದರೂ ಇತ್ತಾ?’ ಅಂತ ಕೇಳಿದರೆ ಅರ್ಧ ಕೆಲಸ ಆಯಿತು. ವೈದ್ಯರಿಗೆ ಕೊಡಲು ಒಂದೇ ಹಾಳೆ ತಯಾರಿಸಿ, ಎರಡನೇ ಪುಟ ಬೇಡ. ಅದರಲ್ಲಿ ಕಾಯಿಲೆಯ ಇತಿಹಾಸ ಬೇಡ, ಮಾಡುವ ಕೆಲಸ ಇರಲಿ: ನುಂಗಲು ಕಷ್ಟವಿದೆಯೇ ನೋಡಿ, ತೂಕ ಇಳಿಯುತ್ತಿದೆಯೇ ನೋಡಿ, ಸಾಯುವ ಯೋಚನೆ ಬರುತ್ತದೆಯೇ ಅಂತ ನೇರವಾಗಿ ಕೇಳಿ. ಟೆಟ್ರಾಬೆನಜಿನ್ ಅನ್ನುವ ಔಷಧಿ ಕೈಕಾಲು ಆಡುವುದನ್ನು ತಗ್ಗಿಸುತ್ತದೆ, ಆದರೆ ಖಿನ್ನತೆಯನ್ನು ಜಾಸ್ತಿ ಮಾಡಬಹುದು. ಕೊನೆಯಲ್ಲಿ, ಈ ಕಾಯಿಲೆ ಬಲ್ಲ ನರರೋಗ ತಜ್ಞರ ವಿಳಾಸ. ಹಾಳೆಯನ್ನು ಯಾರಾದರೂ ಒಬ್ಬ ತಜ್ಞರಿಂದ ಓದಿಸಿ ತಿದ್ದಿಸಿಕೊಳ್ಳಿ. ನಮ್ಮ ಮಾತಿಗಿಂತ ಅವರ ಸಹಿಗೆ ಬೆಲೆ ಜಾಸ್ತಿ.

ಬ್ಯಾಂಕಿನವರು, ಮಕ್ಕಳ ಶಾಲೆಯವರು, ಅಕ್ಕಪಕ್ಕದವರು, ಇವರಿಗೆಲ್ಲ ಬಾಯಿಮಾತು ಸಾಕು. ಒಂದು ನಿಮಿಷದಲ್ಲಿ ಮುಗಿಯುವಂತೆ ಮೊದಲೇ ಅಭ್ಯಾಸ ಮಾಡಿಕೊಳ್ಳಿ. ‘ಮಾರಕ’, ‘ಭಯಾನಕ’ ಅನ್ನುವ ಮಾತು ಬೇಡ. ಎದುರಿಗೆ ಕೂತವರಲ್ಲಿ ಅದೇ ಜೀನ್ ಹೊತ್ತ ಹುಡುಗನೋ ಹುಡುಗಿಯೋ ಇರಬಹುದು.

ಸಂಶೋಧನೆಗೆ ಏನು ಕೊಡಬಹುದು?

ಎಲ್ಲರೂ ದುಡ್ಡಿನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಎರಡನೆಯದು. ಮನೆಯವರ ಹತ್ತಿರ ಮಾತ್ರ ಇರುವುದು, ಯಾವ ಪ್ರಯೋಗಾಲಯದಲ್ಲೂ ಸಿಗದೇ ಇರುವುದು ಅಂದರೆ ಮಾಹಿತಿ.

ಈ ಕಾಯಿಲೆಯ ಚರಿತ್ರೆಯೇ ಅದಕ್ಕೆ ಸಾಕ್ಷಿ. 1872ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಹಂಟಿಂಗ್ಟನ್ ಇದನ್ನು ವಿವರಿಸಿ ಬರೆದಾಗ ಅವರಿಗೆ ಇನ್ನೂ 22 ವರ್ಷ. ಆ ವಯಸ್ಸಿನ ಹುಡುಗನಿಗೆ ತಲೆಮಾರುಗಳ ಕಾಯಿಲೆ ಹೇಗೆ ಗೊತ್ತಾಯಿತು? ಅವರ ಅಪ್ಪ, ಅಜ್ಜ ಇಬ್ಬರೂ ಒಂದೇ ಊರಿನಲ್ಲಿ ವೈದ್ಯರಾಗಿದ್ದರು, ಕಾಯಿಲೆ ಇದ್ದ ಅದೇ ಮನೆತನಗಳನ್ನು ನೋಡಿಕೊಂಡು ಬಂದಿದ್ದರು. ಮೂರು ತಲೆಮಾರಿನ ಅನುಭವ ಒಂದು ಲೇಖನವಾಯಿತು.

ಮುಂದಿನದು ವೆನಿಜುವೆಲಾದ ಮರಕೈಬೋ ಸರೋವರದ ದಡದ್ದು. ಅಲ್ಲಿನ ಹಳ್ಳಿಗಳಲ್ಲಿ ಈ ಕಾಯಿಲೆ ಎಲ್ಲೂ ಇಲ್ಲದಷ್ಟು ಇತ್ತು. ಅಲ್ಲಿನವರೇ ಆದ ಅಮೆರಿಕೋ ನೆಗ್ರೆಟೆ ಅನ್ನುವ ವೈದ್ಯರು 1950ರ ದಶಕದಲ್ಲಿ ಇದನ್ನು ಗುರುತಿಸಿದರು. ಆಮೇಲೆ ಅಮೆರಿಕದ ಸಂಶೋಧಕಿ ನ್ಯಾನ್ಸಿ ವೆಕ್ಸ್ಲರ್ ಮತ್ತು ಸಂಗಡಿಗರು 1979ರಿಂದ ವರ್ಷ ವರ್ಷ ಅಲ್ಲಿಗೆ ಹೋಗಿ 18,000ಕ್ಕೂ ಹೆಚ್ಚು ಜನರ ವಂಶವೃಕ್ಷ ಬರೆದರು, 4,000ಕ್ಕೂ ಹೆಚ್ಚು ರಕ್ತದ ಮಾದರಿ ಸಂಗ್ರಹಿಸಿದರು. ನ್ಯಾನ್ಸಿ ಅವರ ತಾಯಿಗೂ ಇದೇ ಕಾಯಿಲೆ. ಆ ರಕ್ತದಿಂದ 1983ರಲ್ಲಿ ಜೀನ್ ಯಾವ ಕ್ರೋಮೋಸೋಮ್‌ನಲ್ಲಿದೆ ಅಂತ ತಿಳಿಯಿತು, 1993ರಲ್ಲಿ ಜೀನ್ ಕೈಗೆ ಸಿಕ್ಕಿತು. ಇವತ್ತು ಜಗತ್ತಿನ ಎಲ್ಲೇ ಪರೀಕ್ಷೆ ಮಾಡಿದರೂ ಅದರ ಹಿಂದೆ ಆ ಮೀನುಗಾರರ ಮನೆಗಳಿವೆ.

ಈ ಕತೆಯ ಇನ್ನೊಂದು ಮುಖವನ್ನೂ ಹೇಳಬೇಕು. ರಕ್ತ ಕೊಟ್ಟ ಕುಟುಂಬಗಳು ಬಡತನದಲ್ಲೇ ಉಳಿದವು, ಔಷಧಿ ಅವರಿಗೆ ಸುಲಭವಾಗಿ ಸಿಗುವಂತಾಗಲಿಲ್ಲ. ಅದಕ್ಕೇ ಯಾವುದೇ ಅಧ್ಯಯನಕ್ಕೆ ಸೇರುವ ಮೊದಲು ಕೇಳುವುದನ್ನು ಕೇಳಿ. ನಮ್ಮ ಮಾಹಿತಿ ಯಾರ ಹತ್ತಿರ ಇರುತ್ತದೆ? ಕಂಪನಿಗಳಿಗೆ ಕೊಡುತ್ತೀರಾ? ಮಧ್ಯದಲ್ಲಿ ಬಿಟ್ಟರೆ ನಮ್ಮ ರಕ್ತ ಏನಾಗುತ್ತದೆ? ಫಲಿತಾಂಶವನ್ನು ನಮಗೆ ಅರ್ಥವಾಗುವ ಮಾತಿನಲ್ಲಿ ಹೇಳುತ್ತೀರಾ? ಇದನ್ನು ಕೇಳಿದರೆ ಮುಖ ಸಿಂಡರಿಸುವವರ ಜೊತೆ ಕೆಲಸ ಮಾಡಬೇಡಿ. ಒಳ್ಳೆಯ ಸಂಶೋಧಕರಿಗೆ ಈ ಪ್ರಶ್ನೆಗಳು ಇಷ್ಟ.

ಈಗ ಎನ್ರೋಲ್-ಎಚ್‌ಡಿ ಅನ್ನುವ ದೊಡ್ಡ ಅಧ್ಯಯನ ಹಲವು ದೇಶಗಳಲ್ಲಿ ನಡೆಯುತ್ತಿದೆ. ಔಷಧಿ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಕರೆದು ನಡಿಗೆ, ನೆನಪು, ಮನಸ್ಸು ಎಲ್ಲ ಅಳೆದು ಬರೆದುಕೊಳ್ಳುತ್ತಾರೆ, ರಕ್ತ ತೆಗೆದುಕೊಳ್ಳುತ್ತಾರೆ. ‘ಸುಮ್ನೆ ಬರೆದುಕೊಂಡು ಏನು ಮಾಡ್ತಾರೆ?’ ಅಂತ ನಮ್ಮ ಮೈದುನ ಕೇಳಿದ್ದ. ಮಾಡುವುದು ಇದು: ಔಷಧಿ ಇಲ್ಲದೆ ಕಾಯಿಲೆ ಯಾವ ವೇಗದಲ್ಲಿ ಮುಂದೆ ಹೋಗುತ್ತದೆ ಅಂತ ಗೊತ್ತಿದ್ದರೆ ತಾನೇ ಔಷಧಿ ಅದನ್ನು ತಡೆಯಿತೋ ಇಲ್ಲವೋ ಹೇಳಲು ಆಗುವುದು? 2025ರ ಸೆಪ್ಟೆಂಬರ್‌ನಲ್ಲಿ ಎಎಂಟಿ-130 ಅನ್ನುವ ಜೀನ್ ಚಿಕಿತ್ಸೆಯ ಸುದ್ದಿ ಬಂತಲ್ಲ, ಅಲ್ಲಿ ಚಿಕಿತ್ಸೆ ಪಡೆದವರನ್ನು ಹೋಲಿಸಿದ್ದು ಎನ್ರೋಲ್-ಎಚ್‌ಡಿಯಲ್ಲಿ ವರ್ಷ ವರ್ಷ ಹೆಸರು ಬರೆಸಿ ಬಂದವರ ಜೊತೆ. ಯಾರೋ ಒಬ್ಬರು ಬೇಸರವಿದ್ದರೂ ಎದ್ದು ಹೋಗಿ ಬೆರಳು ತಟ್ಟುವ ಪರೀಕ್ಷೆ ಕೊಟ್ಟು ಬಂದಿದ್ದು ಅಲ್ಲಿ ಉಪಯೋಗಕ್ಕೆ ಬಂತು.

ಇಂಥ ಕೇಂದ್ರ ನಿಮಗೆ ದೂರವಿದ್ದರೂ ಮನೆಯಲ್ಲೇ ಒಂದು ಪುಸ್ತಕ ಇಡಿ. ಲೆಕ್ಕದವಳು ಹೇಳುತ್ತಿದ್ದೇನೆ, ಪುಸ್ತಕ ಇಡುವುದೇ ದೊಡ್ಡ ಕೆಲಸ. ‘ಇತ್ತೀಚೆಗೆ ಹುಷಾರಿಲ್ಲ’ ಅಂತ ಬರೆದರೆ ಅದು ಯಾರಿಗೂ ಬೇಡ. ತಾರೀಕು ಹಾಕಿ, ಕಣ್ಣಿಗೆ ಕಂಡದ್ದನ್ನು ಬರೆಯಿರಿ. ನನ್ನ ಪುಸ್ತಕದ ಸಾಲುಗಳು ಹೀಗಿವೆ: ‘ಲೋಟವನ್ನು ಎರಡು ಕೈಯಲ್ಲಿ ಹಿಡಿಯಲು ಶುರು.’ ‘ಸಹಿ ಹೊಂದಲಿಲ್ಲ ಅಂತ ಚೆಕ್ ವಾಪಸ್.’ ‘ಅಂಗಿಯ ಗುಂಡಿ ನಾನು ಹಾಕಿದೆ, ಮೇಲಿನ ಎರಡು ಮಾತ್ರ.’ ‘ನೀರು ಕುಡಿಯುವಾಗ ಕೆಮ್ಮು, ವಾರದಲ್ಲಿ ನಾಲ್ಕು ದಿನ.’ ತಿಂಗಳಿಗೊಮ್ಮೆ ತೂಕ. ಔಷಧಿ ಬದಲಾದ ದಿನ ಕೆಂಪು ಶಾಯಿ. ನಮ್ಮ ವೈದ್ಯರು ಬೇರೆ ಏನನ್ನೂ ಮುಟ್ಟದೆ ಮೊದಲು ಈ ಪುಸ್ತಕಕ್ಕೆ ಕೈ ಚಾಚುತ್ತಾರೆ. ವಂಶವೃಕ್ಷವನ್ನೂ ಬರೆದಿಡಿ: ಯಾರು, ಯಾವ ವಯಸ್ಸಿಗೆ ಶುರು, ಯಾವುದರಿಂದ ಸತ್ತರು. ಹಿರಿಯರ ವಿಷಯದಲ್ಲಿ ‘ತಲೆ ಕೆಟ್ಟಿತ್ತು’, ‘ಕುಡಿತದಿಂದ ಹೋದ’ ಅನ್ನುವ ಮಾತು ಬಂದರೆ ಅದರ ಪಕ್ಕ ಪ್ರಶ್ನೆ ಚಿಹ್ನೆ ಹಾಕಿ. ಈ ಪುಸ್ತಕ ಬೀಗದೊಳಗೆ ಇರಲಿ.

ಸತ್ತ ಮೇಲೆ ಮೆದುಳು ದಾನ ಮಾಡುವ ಮಾತೂ ಇದೆ. ಅದನ್ನು ಕಾಯಿಲೆಯವರು ತಾವೇ ಯೋಚಿಸಿ ಹೇಳುವ ಸ್ಥಿತಿಯಲ್ಲಿ ಇರುವಾಗಲೇ ಕೇಳಬೇಕು. ಕೊನೆಗೆ ಮನೆಯವರು ಊಹೆ ಮಾಡುವಂತಾಗಬಾರದು.

ದುಡ್ಡಿನ ವಿಷಯ

1967ರಲ್ಲಿ ಅಮೆರಿಕದ ಜಾನಪದ ಗಾಯಕ ವುಡಿ ಗತ್ರಿ ಇದೇ ಕಾಯಿಲೆಯಿಂದ ತೀರಿಕೊಂಡರು. ಅವರ ಮಾಜಿ ಹೆಂಡತಿ ಮಾರ್ಜೊರಿ ಅದೇ ವರ್ಷ ಕುಟುಂಬಗಳ ಸಮಿತಿ ಕಟ್ಟಿದರು. ಮರುವರ್ಷ ನ್ಯಾನ್ಸಿ ಅವರ ಅಪ್ಪ ಮಿಲ್ಟನ್ ವೆಕ್ಸ್ಲರ್ ಇನ್ನೊಂದು ಸಂಸ್ಥೆ ಶುರು ಮಾಡಿದರು. ಮಿಲ್ಟನ್ ಮಾಡಿದ ಜಾಣತನ ನನಗೆ ಇಷ್ಟ: ಬೇರೆ ಬೇರೆ ವಿಷಯದ ವಿಜ್ಞಾನಿಗಳನ್ನು, ಅದರಲ್ಲೂ ಚಿಕ್ಕ ವಯಸ್ಸಿನವರನ್ನು, ಒಂದು ಕೋಣೆಯಲ್ಲಿ ಕೂರಿಸಿ ಮಾತಾಡಿಸಿದರು. ದೊಡ್ಡ ಯಂತ್ರ ಕೊಳ್ಳುವಷ್ಟು ದುಡ್ಡು ಸಣ್ಣ ಗುಂಪಿನ ಹತ್ತಿರ ಇರುವುದಿಲ್ಲ. ಒಬ್ಬ ವಿದ್ಯಾರ್ಥಿಯ ಶಿಷ್ಯವೇತನ, ಅಧ್ಯಯನಕ್ಕೆ ಹೋಗಿ ಬರುವ ಕುಟುಂಬಗಳ ಪ್ರಯಾಣದ ಖರ್ಚು, ಇಂಥದ್ದಕ್ಕೆ ಕೊಟ್ಟರೆ ದುಡ್ಡು ಎಲ್ಲಿಗೆ ಹೋಯಿತು ಅಂತ ಕಾಣಿಸುತ್ತದೆ.

ಚಿಕಿತ್ಸೆಯ ನೆರವಿಗೆ ಬಂದ ಹಣ ಬೇರೆ, ಸಂಶೋಧನೆಯದ್ದು ಬೇರೆ. ಖಾತೆಯೂ ಬೇರೆ ಇರಲಿ. ಚೆಕ್ಕಿಗೆ ಇಬ್ಬರ ಸಹಿ, ಇಬ್ಬರೂ ಒಂದೇ ಮನೆಯವರಾಗಬಾರದು. ಕಂತಿನಲ್ಲಿ ಕೊಡಿ, ಮೊದಲ ಕಂತಿನ ಕೆಲಸ ನೋಡಿ ಎರಡನೆಯದು. ಔಷಧಿ ಕಂಪನಿಯಿಂದ ಹಣ ಬಂದರೆ ತೆಗೆದುಕೊಳ್ಳಬಾರದು ಅಂತ ನಾನು ಹೇಳುವುದಿಲ್ಲ. ಎಷ್ಟು ಬಂತು, ಯಾವುದಕ್ಕೆ ಬಂತು ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ.

ಒಳ್ಳೆಯ ಸುದ್ದಿ ಬಂದಾಗ

ಅರಿವು ಮೂಡಿಸುವವರ ಹತ್ತಿರ ಜನ ಸುದ್ದಿ ಕಳಿಸುತ್ತಲೇ ಇರುತ್ತಾರೆ. ‘ಔಷಧಿ ಸಿಕ್ಕಿತಂತೆ!’ ಎಲ್ಲರಿಗೂ ಹಂಚುವ ಮೊದಲು ಮೂರು ಪ್ರಶ್ನೆ ಹಾಕಿ. ಇಲಿಯಲ್ಲೋ ಮನುಷ್ಯರಲ್ಲೋ? ಎಷ್ಟು ಜನರಲ್ಲಿ? ಯಾರಿಗೆ ಹೋಲಿಸಿ? ಆ ಎಎಂಟಿ-130ನ್ನೇ ತೆಗೆದುಕೊಳ್ಳಿ. ಮೂರು ವರ್ಷದಲ್ಲಿ ಕಾಯಿಲೆಯ ವೇಗ ಶೇಕಡಾ 75ರಷ್ಟು ತಗ್ಗಿತು ಅಂತ ಕಂಪನಿ ಹೇಳಿತು. ಮನುಷ್ಯರಲ್ಲೇ, ಖುಷಿಯ ಸುದ್ದಿಯೇ. ಆದರೆ ಹೆಚ್ಚಿನ ಪ್ರಮಾಣ ಪಡೆದು ಮೂರು ವರ್ಷ ಮುಗಿಸಿದವರು 12 ಜನ. ಹೋಲಿಸಿದ್ದು ಅದೇ ಪ್ರಯೋಗದಲ್ಲಿ ಚಿಕಿತ್ಸೆ ಸಿಗದ ಗುಂಪಿಗಲ್ಲ, ಹೊರಗಿನ ದಾಖಲೆಗೆ. ಅದು ಸಾಕೇ ಅನ್ನುವ ವಾದ ಕೂಡಲೇ ಶುರುವಾಯಿತು. ನೀವು ಹಂಚುವಾಗ ಈ ಮೂರನ್ನೂ ಸೇರಿಸಿ ಹಂಚಿ. 2021ರ ಮಾರ್ಚ್‌ನಲ್ಲಿ ಟೊಮಿನರ್ಸನ್ ಔಷಧಿಯ ದೊಡ್ಡ ಪ್ರಯೋಗ ಅರ್ಧಕ್ಕೆ ನಿಂತಾಗ ಎಷ್ಟೋ ಮನೆಗಳು ಕುಸಿದವು. ಕೆಟ್ಟ ಸುದ್ದಿಯನ್ನೂ ಅಷ್ಟೇ ಬೇಗ ಹೇಳಿ.

‘ಇಲ್ಲಿ ಬನ್ನಿ, ಸ್ಟೆಮ್ ಸೆಲ್ ಚುಚ್ಚಿ ಗುಣ ಮಾಡುತ್ತೇವೆ, ಇಷ್ಟು ಕಟ್ಟಿ’ ಅನ್ನುವವರು ನಿಮ್ಮನ್ನು ಹುಡುಕಿಕೊಂಡೇ ಬರುತ್ತಾರೆ, ನಿಮ್ಮ ಹತ್ತಿರ ಕುಟುಂಬಗಳ ಪಟ್ಟಿ ಇದೆಯಲ್ಲ ಅದಕ್ಕೆ. ಪಟ್ಟಿಯನ್ನು ಯಾರಿಗೂ ಕೊಡಬೇಡಿ. ಪ್ರಯೋಗಕ್ಕೆ ಸೇರಲು ರೋಗಿಯಿಂದಲೇ ದೊಡ್ಡ ಮೊತ್ತ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ.

ಮಾತು ಮುಗಿದ ಮೇಲೆ ಬರುವವರು

ನೀವು ಎಲ್ಲೇ ಮಾತಾಡಿ, ಕುರ್ಚಿ ಎತ್ತಿಡುವ ಹೊತ್ತಿಗೆ ಒಬ್ಬರು ಪಕ್ಕಕ್ಕೆ ಕರೆಯುತ್ತಾರೆ. ‘ನಮ್ಮ ದೊಡ್ಡಪ್ಪ ಹೀಗೇ ನಡೆಯುತ್ತಿದ್ದರು.’ ಆಗ ಪರೀಕ್ಷೆ ಮಾಡಿಸಿಕೊಳ್ಳಿ ಅನ್ನಬೇಡಿ, ಬೇಡ ಅಂತಲೂ ಅನ್ನಬೇಡಿ. ಜೆನೆಟಿಕ್ ಕೌನ್ಸೆಲರ್, ಅಂದರೆ ಆನುವಂಶಿಕ ಕಾಯಿಲೆಯ ಬಗ್ಗೆ ಸಲಹೆ ಕೊಡುವವರು, ಒಬ್ಬರ ಹೆಸರು, ನಂಬರ್ ಬರೆದ ಚೀಟಿ ಚೀಲದಲ್ಲಿರಲಿ. ಈ ಪರೀಕ್ಷೆ ಸುಮ್ನೆ ರಕ್ತ ಕೊಟ್ಟು ಬರುವಂಥದ್ದಲ್ಲ, ಮೊದಲು ಮಾತುಕತೆ, ಯೋಚಿಸಲು ಸಮಯ, ಆಮೇಲೆ ರಕ್ತ, ಫಲಿತಾಂಶ ಮುಖಾಮುಖಿ ಅಂತ ಹೇಳಿ. ಲಕೋಟೆ ತೆರೆಯುವ ನಿಮಿಷದವರೆಗೂ ‘ನನಗೆ ಬೇಡ’ ಅನ್ನಬಹುದು ಅನ್ನುವುದನ್ನೂ ಹೇಳಿ, ತುಂಬಾ ಜನಕ್ಕೆ ಇದು ಗೊತ್ತಿರುವುದಿಲ್ಲ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಬೇಕು. ಒಡಹುಟ್ಟಿದವರು ಬೇಡ, ಅವರು ಅಲ್ಲಿ ಕೂತು ತಮ್ಮ ಪಾಲನ್ನೇ ಲೆಕ್ಕ ಹಾಕುತ್ತಿರುತ್ತಾರೆ. ಸ್ನೇಹಿತರೊಬ್ಬರನ್ನು ಕರೆದುಕೊಂಡು ಹೋಗಿ ಅನ್ನಿ.